ಎರಡು ಬಿಳಿ, ಎರಡು ಕೆಂಪು

ಮೊನ್ನೆ ನಿಮ್ಮ ಹುಟ್ಟುಹಬ್ಬದ ಉಡುಗೊರೆಗೆ ಸುತ್ತಿದ್ದ, ಗಾಜಿನಂತೆ ಆಚೆ ಕಾಣುವ ಕೆಂಪು ಕಾಗದ ಕೈಗೆ ಸಿಕ್ಕಿತು. ಅದರ ಚರಚರ ಸದ್ದು ಕೇಳಿದ್ದೇ ತಡ, ಚಾಮರಾಜಪೇಟೆಯ ವಠಾರದ ಮೆಟ್ಟಿಲು ಕಣ್ಣಮುಂದೆ ಬಂತು... ಅದರ ಮೇಲೆ ಮಹಡಿಮನೆಯ ಹುಡುಗಿ.

ಅವಳು ವಿಮಾನ ಓಡಿಸುವುದನ್ನು ಕಲಿಯುತ್ತಿದ್ದಳು. ನಿಮ್ಮ ತಾತ ಹೋದ ಹೊಸತು, ನಾನು ಯಾರ ಜೊತೆಗೂ ಬೆರೆಯುತ್ತಿರಲಿಲ್ಲ. ಅವಳೇ ಬಂದು, ಬೇಡವೆಂದರೂ ಹೊಸ್ತಿಲ ಮೇಲೆ ಕೂತು ಹೇಳಿಕೊಂಡಳು. ವಿಮಾನ ಇಳಿಸುವ ಪರೀಕ್ಷೆಯಲ್ಲಿ ತೀರ ತಗ್ಗಿ ಬಂದು ಫೇಲಾಗಿದ್ದಳು. ಇನ್ನೊಮ್ಮೆ ತಪ್ಪಿದರೆ ಕಲಿಕೆ ಬಿಡಿಸುತ್ತೇನೆಂದು ಅಪ್ಪ ಹೇಳಿದ್ದರಂತೆ.

ರನ್‌ವೇ ಪಕ್ಕ ಸಾಲಾಗಿ ನಾಲ್ಕು ದೀಪಗಳಿರುತ್ತವಂತೆ. ಮೇಲಿನಿಂದ ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ಬಿಳಿ ಹೆಚ್ಚಿದರೆ ಎತ್ತರ ಜಾಸ್ತಿ, ಕೆಂಪು ಹೆಚ್ಚಿದರೆ ತಗ್ಗು. ನಾಲ್ಕೂ ಕೆಂಪಾದರೆ ಅಪಾಯ. ದೀಪ ಅವೇ, ನಮ್ಮ ಎತ್ತರ ಬದಲಾದಂತೆ ಬಣ್ಣ ಬದಲಾಗುತ್ತದೆ ಎಂದಾಗ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಸಂಜೆ ಅಂಗಳದಲ್ಲಿ ನಾಲ್ಕು ಟಾರ್ಚು ಇಡುತ್ತಿದ್ದೆವು. ಅವಳು ತಾರಸಿಯಿಂದ ಮೆಟ್ಟಿಲಿಳಿದು ಬರುವಾಗ ನಾನು ಮನಸ್ಸಿಗೆ ಬಂದಷ್ಟು ಟಾರ್ಚಿಗೆ ಕೆಂಪು ಕಾಗದ ಮುಚ್ಚುವುದು, ಏರಿಸಬೇಕೋ ಇಳಿಸಬೇಕೋ ಅವಳು ತಕ್ಷಣ ಹೇಳುವುದು. ವಠಾರವೆಲ್ಲ ನಗುತ್ತಿತ್ತು. ನನಗೋ ಮೈ ಜುಮ್ಮೆನ್ನುತ್ತಿತ್ತು, ಸಂಜೆಯನ್ನೇ ಕಾಯುತ್ತಿದ್ದೆ.

ಪರೀಕ್ಷೆಯ ಹಿಂದಿನ ದಿನ ಶುಭವಾಗಲಿ ಎಂದು ನಾಲ್ಕಕ್ಕೂ ಕೆಂಪು ಮುಚ್ಚಿ ಕೂತೆ. ಕುಂಕುಮದ ಬಣ್ಣವಲ್ಲವೇ... ನಾನಂತೂ ಹಚ್ಚುವ ಹಾಗಿರಲಿಲ್ಲ. ಅವಳು ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟಳು.

“ಆಂಟಿ, ಇವತ್ತೇ ಕೊಂದ್ಬಿಟ್ರಲ್ಲ ನನ್ನ.”

“ಅಯ್ಯೋ, ಒಳ್ಳೇದಾಗ್ಲಿ ಅಂತ ಇಟ್ಟೆ ಕಣೇ.”

“ಈ ಆಶೀರ್ವಾದ ಮಾತ್ರ ಜನ್ಮದಲ್ಲಿ ಮರೆಯಲ್ಲ ಬಿಡಿ,” ಎಂದು ಬಿದ್ದು ಬಿದ್ದು ನಕ್ಕಳು.

ಮರುದಿನ ಮಧ್ಯಾಹ್ನ ಓಡೋಡಿ ಬಂದಳು. ಇಳಿಯುವಾಗ ಗಾಳಿಗೆ ವಿಮಾನ ತಗ್ಗಿ ಮೂರು ದೀಪ ಕೆಂಪಾದವಂತೆ. ಹೋದ ಸಲ ಅಲ್ಲೇ ತಡಮಾಡಿದ್ದಳು. ಈ ಸಲ ನನ್ನ ಆಶೀರ್ವಾದ ನೆನಪಾಗಿ, ಕೈ ತಾನಾಗಿಯೇ ಎಂಜಿನ್ನಿಗೆ ಬಲ ಕೊಟ್ಟಿತಂತೆ. ಎರಡು ಬಿಳಿ, ಎರಡು ಕೆಂಪು... ಆಮೇಲೆ ನೆಲ. ಪಾಸು! ಇಬ್ಬರೂ ಕೈ ಹಿಡಿದು ಕುಣಿದೆವು.

“ನಿಮ್ಮನ್ನ ಮೊದಲು ಹಾರಿಸೋಳು ನಾನೇ,” ಎಂದಿದ್ದಳು. ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಳು. ಕೆಲವು ವರ್ಷ ಫೋನು ಮಾಡುತ್ತಿದ್ದಳು... ಒಂದು ದಿನ ಅವಳ ತಾಯಿ ಮಾಡಿದರು. ಕಾಯಿಲೆ ಬಹಳ ದಿನ ಕಾಡದೆಯೇ ಅವಳನ್ನು ಕರೆದೊಯ್ದಿತಂತೆ.

ಬರುವ ವಾರ ನೀವು ನನ್ನನ್ನು ಮೊದಲ ಸಲ ವಿಮಾನ ಹತ್ತಿಸುತ್ತೀರಿ. ಈಗಲೇ ನಿದ್ದೆ ಬರುತ್ತಿಲ್ಲ, ಅಷ್ಟು ಸಂಭ್ರಮ. ಕಿಟಕಿ ಪಕ್ಕದ ಸೀಟು ನಿಮಗೇ ಇರಲಿ, ಮಕ್ಕಳೇ. ಆ ದೀಪಗಳು ಕಾಣುವುದು ಮುಂದೆ ಕೂತು ಓಡಿಸುವವರಿಗೆ. ಅಲ್ಲಿ ಅವಳಿರುವುದಿಲ್ಲ.