ಎರಡು ಸ್ವೆಟರಿನ ಊರು

ಅವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದೇ ಒಂದು ಕೂದಲಿರಲಿಲ್ಲ. ಎಡಗೈ ತುಂಬ ಕಪ್ಪು ರೋಮ. ಬಲಗೈ ಮಾತ್ರ ಸುಲಿದ ಈರುಳ್ಳಿಯ ಹಾಗೆ ನುಣ್ಣಗೆ, ಕೆಂಪಗೆ. ಒಲೆಯ ಬಾಯೊಳಗೆ ದಿನಕ್ಕೆ ನೂರು ಸಲ ಹೋಗಿಬರುತ್ತಿದ್ದ ಕೈ ಅದು. ಅದೇ ಕೈಯಲ್ಲಿ ಬನ್ನನ್ನು ಹಳೇ ಪೇಪರಿನಲ್ಲಿ ಕಟ್ಟಿ, ದಾರ ಸುತ್ತಿ, ಬೆರಳಿನಿಂದಲೇ ಪಟ್ಟನೆ ತುಂಡರಿಸಿ ಕೊಡುತ್ತ ಗಿರಾಕಿಗಳನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: “ರಜಕ್ಕೆ ಹೋಗಿದ್ರಂತಲ್ಲ, ಅಲ್ಲಿ ಸ್ವೆಟರ್ ಬೇಕಾಯ್ತಾ?”

ನಾನು ಅವರನ್ನು ಬೇಕರಿ ಮಾಮ ಎಂದು ಕರೆಯುತ್ತಿದ್ದೆ. ಅಮ್ಮ ‘ಸ್ವಾಮಿ’ ಅನ್ನುತ್ತಿದ್ದಳು. ರಾಜಾಜಿನಗರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಹಿಂದಿನ ಕೋಣೆಯ ಗೋಡೆಗೆ ಬೆನ್ನು ಕೊಟ್ಟುಕೊಂಡು ಅವರ ಬೇಕರಿಯ ಒಲೆ. ಇಟ್ಟಿಗೆಯಲ್ಲಿ ಗುಹೆಯ ಹಾಗೆ ಕಟ್ಟಿದ ಸೌದೆ ಒಲೆ. ಬೆಳಗಿನ ಜಾವ ಅದರೊಳಗೆ ಸರ್ವೆ ಸೌದೆ ಉರಿಸಿ, ಕೆಂಡ ಎಳೆದುಹಾಕಿ, ಉದ್ದ ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ಒಲೆಯ ನೆಲ ಒರೆಸಿ, ಒಂದು ಚಿಟಿಕೆ ಮೈದಾ ಎಸೆದು ನೋಡುತ್ತಿದ್ದರು. ಮೈದಾ ತಕ್ಷಣ ಕಪ್ಪಾದರೆ ಒಲೆಗೆ ಇನ್ನೂ ಸಿಟ್ಟು ಇಳಿದಿಲ್ಲ. ನಿಧಾನವಾಗಿ ಕೆಂಪಾದರೆ ಬ್ರೆಡ್ಡಿಗೆ ಹದ. ಆಮೇಲೆ ಬೆಂಕಿಯೇ ಬೇಡ. ಇಟ್ಟಿಗೆ ಕುಡಿದುಕೊಂಡ ಕಾವಿನಲ್ಲೇ ಸಂಜೆಯವರೆಗೆ ಬ್ರೆಡ್ಡು, ಬನ್ನು, ರಸ್ಕು ಬೇಯುತ್ತಿದ್ದವು.

ಅಂಥ ಒಲೆಯನ್ನು ಆರಲು ಬಿಡುವಂತಿಲ್ಲ. ಒಮ್ಮೆ ಪೂರ್ತಿ ತಣ್ಣಗಾದರೆ ಮತ್ತೆ ಹದಕ್ಕೆ ತರಲು ಮೂರು ದಿನ ಸಣ್ಣ ಉರಿಯಲ್ಲಿ ಓಲೈಸಬೇಕು. ಅವಸರ ಮಾಡಿದರೆ ಇಟ್ಟಿಗೆ ಸೀಳುತ್ತದೆ. ಹೀಗಾಗಿ ಬೇಕರಿ ಮಾಮ ಅಂಗಡಿ ಹಾಕಿದ ಮೇಲೆ ಒಂದು ರಾತ್ರಿಗಿಂತ ಹೆಚ್ಚು ಊರು ಬಿಟ್ಟವರಲ್ಲ. “ಕೆಲವರಿಗೆ ಎಮ್ಮೆ ಕಟ್ಟಿ ಹಾಕಿರುತ್ತೆ, ನನಗೆ ಒಲೆ” ಎನ್ನುತ್ತಿದ್ದರು.

ಇಷ್ಟಾಗಿ ಆ ಮನುಷ್ಯನಿಗೆ ಸೆಕೆ ಕಂಡರೆ ಆಗುತ್ತಿರಲಿಲ್ಲ. ಶಿವರಾತ್ರಿ ಕಳೆಯಿತೆಂದರೆ ತಲೆಯ ಮೇಲೆ ಒದ್ದೆ ಟವಲು, ಬಾಯಲ್ಲಿ ಬಿಸಿಲಿಗೆ ಬೈಗುಳ. ಅವರಿಗೆ ಇದ್ದ ಒಂದೇ ಆಸೆ, ಬೇಸಿಗೆಯಲ್ಲಿ ಒಂದು ವಾರ ಚಳಿಯಲ್ಲಿ ನಡುಗಬೇಕು. ಹೋಗಲಾಗದ ಕಾರಣಕ್ಕೋ ಏನೋ, ಎಲ್ಲಿಗೆ ಹೋಗಬೇಕು ಎನ್ನುವ ವಿಚಾರದಲ್ಲಿ ಅವರು ನಮ್ಮ ಬೀದಿಗೇ ಪಂಡಿತರಾಗಿದ್ದರು. ದೇಶದ ಊರುಗಳನ್ನೆಲ್ಲ ಮೂರು ಜಾತಿ ಮಾಡಿದ್ದರು: ಬನಿಯನ್ ಊರು, ಒಂದು ಸ್ವೆಟರಿನ ಊರು, ಎರಡು ಸ್ವೆಟರಿನ ಊರು. ಮಡಿಕೇರಿಗೆ ಒಂದು ಸ್ವೆಟರು. ಮೇ ತಿಂಗಳ ಕಾಶಿ ಬನಿಯನ್ನೂ ಬೇಡದ ಊರು. ಎರಡು ಸ್ವೆಟರಿನ ಊರೆಂದರೆ ಊಟಿ.

ಬಸವೇಶ್ವರನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಬ್ಯಾಂಕಿನವರೊಬ್ಬರು ಒಂದು ಸಲ, ಮಕ್ಕಳ ರಜಕ್ಕೆ ಹಂಪಿಗೆ ಹೊರಟಿದ್ದೇವೆ ಎಂದರು. ಬೇಕರಿ ಮಾಮ ಬಿಸ್ಕತ್ತು ತೂಗುತ್ತಿದ್ದ ಕೈ ನಿಲ್ಲಿಸಿದರು.

“ಮೇ ತಿಂಗಳಲ್ಲಾ ಸಾರ್? ಅಲ್ಲಿ ಬರೀ ಕಲ್ಲು.”

“ಬೆಳಿಗ್ಗೆ ಸಂಜೆ ನೋಡಿದ್ರಾಯ್ತು ಬಿಡಿ ಸ್ವಾಮಿ.”

“ಬಿಸಿಲು ಸಂಜೆ ಹೋಗುತ್ತೆ ಸಾರ್, ಕಲ್ಲು ಹೋಗುತ್ತಾ? ಹಗಲೆಲ್ಲಾ ಕುಡಿದಿದ್ದನ್ನ ರಾತ್ರಿ ಕಕ್ಕುತ್ತೆ. ಹತ್ತಾರು ವರ್ಷದಿಂದ ಇಟ್ಟಿಗೆ ಜೊತೆ ಸಂಸಾರ ಮಾಡ್ತಿರೋನು ನಾನು, ನನ್ನ ಮಾತು ಕೇಳಿ. ಯಾವ ಊರಾದ್ರೂ ಹಗಲು ಹೇಗಿರುತ್ತೆ ಅಂತ ಕೇಳ್ಬೇಡಿ. ರಾತ್ರಿ ಹೊದಿಕೆ ಬೇಕಾಯ್ತಾ ಅಂತ ಕೇಳಿ. ಹಂಪಿ ಎಲ್ಲೂ ಓಡಿಹೋಗಲ್ಲ, ಡಿಸೆಂಬರಲ್ಲಿ ಹೋಗಿ. ಈಗ ಕೆಮ್ಮಣ್ಣುಗುಂಡಿಗೆ ಹೋಗಿ.”

ಒಳಗಿನಿಂದ ಮಾಮಿಯ ದನಿ ಬರುತ್ತಿತ್ತು: “ಎಲ್ಲರಿಗೂ ಊರು ತೋರಿಸ್ತಾರೆ. ನನ್ನ ಮಾತ್ರ ಕೆಂಗೇರಿ ದಾಟಿಸಿಲ್ಲ.” ಕೆಂಗೇರಿಯಲ್ಲಿ ಮಾಮಿಯ ತಂಗಿಯ ಮನೆಯಿತ್ತು. ತಂಗಿಯ ಗಂಡನದೂ ಬೇಕರಿಯೇ.

ಬಾಯಲ್ಲಿ ಹಾಗಂದರೂ ಮಾಮಿ ಊಟಿಗೆಂದೇ ಗಂಡನಿಗೆ ಎರಡು ಸ್ವೆಟರು ಹೆಣೆದಿಟ್ಟಿದ್ದರು. ಒಂದು ಪಾಚಿ ಹಸಿರು, ಒಂದು ಕಂದು. ಪ್ರತಿ ವರ್ಷ ಯುಗಾದಿಯ ಹಿಂದಿನ ದಿನ ಟ್ರಂಕಿನಿಂದ ತೆಗೆದು ನಮ್ಮಿಬ್ಬರ ಮನೆಗೂ ಸೇರಿದ ತಂತಿಯ ಮೇಲೆ ಬಿಸಿಲಿಗೆ ಹಾಕಿ, ಸಂಜೆ ನುಸಿಗುಳಿಗೆ ಇಟ್ಟು ಮತ್ತೆ ಟ್ರಂಕಿಗೆ ಸೇರಿಸುತ್ತಿದ್ದರು. ಮೈ ಕಾಣದೆ ಬಿಸಿಲನ್ನಷ್ಟೇ ಕಂಡ ಸ್ವೆಟರುಗಳು ಅವು.

ಇನ್ನು ನನ್ನ ವಿಷಯ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಸುಮ್ಮನೆ ಸಿಕ್ಕಿದ್ದಲ್ಲ. ಅಪ್ಪ ಮಾಗಡಿ ರಸ್ತೆಯ ಮಿಲ್ಲಿನಲ್ಲಿ ರಾತ್ರಿ ಪಾಳಿ; ಹಗಲೆಲ್ಲ ಮುಂದಿನ ಕೋಣೆಯಲ್ಲಿ ಅವರ ನಿದ್ದೆ. ರಾತ್ರಿ ಅಲ್ಲೇ ಅಮ್ಮ, ತಮ್ಮಂದಿರು. ಓದುವುದಿದ್ದರೆ ಹಿಂದಿನ ಕೋಣೆಯೇ ಗತಿ. ಆ ಗೋಡೆ ಚಳಿಗಾಲದಲ್ಲಿ ದೇವರು, ಬೇಸಿಗೆಯಲ್ಲಿ ದೆವ್ವ. ಪುಸ್ತಕದ ಮೇಲೆ ಬೆವರು ತೊಟ್ಟಿಕ್ಕುತ್ತಿತ್ತು. ಅರ್ಧ ಗಂಟೆಗೆ ತಲೆ ಸುತ್ತುತ್ತಿತ್ತು. ಬಿ.ಎ. ಕೊನೆಯ ವರ್ಷ ಎರಡು ಪೇಪರಿನಲ್ಲಿ ಫೇಲಾದೆ. ಸೆಕೆಯ ಮೇಲೆ ತಪ್ಪು ಹೊರಿಸಲು ಅಪ್ಪನೆದುರು ನನಗೆ ಬಾಯಿ ಬರಲಿಲ್ಲ.

ಅಪ್ಪ ಕೂಗಾಡಲಿಲ್ಲ. “ಇನ್ನೊಂದು ಸಲ ಕಟ್ಟು. ಆಗ್ಲಿಲ್ಲ ಅಂದ್ರೆ ಕುಣಿಗಲ್ ಕಡೆ ಗಂಡಿಗೆ ಹೂಂ ಅಂದ್ಬಿಡ್ತೀನಿ. ಆಮೇಲೆ ನನ್ನ ಬೈಬೇಡ” ಎಂದರು. ನನ್ನ ಓದಿಗೆ ಉಳಿದಿದ್ದು ಅದೊಂದೇ ಏಪ್ರಿಲ್.

ಆ ಯುಗಾದಿಯ ಸಂಜೆ ಬೇಕರಿ ಮಾಮ ನಮಗೆ ಬೇವು ಬೆಲ್ಲ ಕೊಡಲು ಬಂದರು. ಅಮ್ಮ ಒಳಗೆ ಕರೆದಳು. ಹಿಂದಿನ ಕೋಣೆಯಲ್ಲಿ ನಾನು ಗೋಡೆಗೆ ಒದ್ದೆ ಗೋಣಿ ನೇತುಹಾಕಿ, ಅದರ ಮುಂದೆ ಕೂತು ಓದುತ್ತಿದ್ದೆ. ಅವರ ಕಣ್ಣು ಗೋಣಿಯ ಮೇಲೆ ಬಿತ್ತು.

“ಇದೇನಮ್ಮ, ಇಲ್ಲೂ ಗೋಣಿ?”

“ಸ್ವಲ್ಪ ತಂಪಿರುತ್ತೆ ಅಂತ ಮಾಮ. ಅರ್ಧ ಗಂಟೆಗೆ ಒಣಗಿಹೋಗುತ್ತೆ, ಮತ್ತೆ ನೆನೆಸ್ತೀನಿ.”

ಅವರು ಗೋಣಿ ಸರಿಸಿ ಆ ನುಣ್ಣನೆಯ ಬಲಗೈಯನ್ನು ಗೋಡೆಗೆ ಅಂಗೈ ಅಗಲಿಸಿ ಒತ್ತಿದರು. ಒಲೆಯ ಹದ ನೋಡುವಾಗ ಎಣಿಸುವ ಹಾಗೆ ತುಟಿಯಲ್ಲೇ ಎಣಿಸಿದರು. ಹದಿನಾಲ್ಕಕ್ಕೋ ಹದಿನೈದಕ್ಕೋ ಕೈ ತೆಗೆದರು.

“ಈ ಕಡೆಯಿಂದ ನಾನಿದನ್ನ ಯಾವತ್ತೂ ಮುಟ್ಟಿ ನೋಡಿರ್ಲಿಲ್ಲ ಕಣಮ್ಮ” ಎಂದರು. ಚಪ್ಪಲಿ ಮೆಟ್ಟಿಕೊಂಡು ಹೋದರು.

ಎರಡು ವಾರ ಕಳೆದಿರಬೇಕು. ನನ್ನ ಪರೀಕ್ಷೆ ಇನ್ನೇನು ಬಂತು ಎನ್ನುವಾಗ ಒಂದು ಬೆಳಿಗ್ಗೆ ಅಮ್ಮ ಅಂಗಳದಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಅವರು ಬಂದು ಕಾಂಪೌಂಡಿನಾಚೆ ನಿಂತರು.

“ನಾಳೆಯಿಂದ ಹದಿನೈದು ದಿನ ಬ್ರೆಡ್ ಇರಲ್ಲಮ್ಮ. ಊಟಿಗೆ ಹೊರಟ್ವಿ.”

ಅಮ್ಮನ ಕೈ ನಿಂತಿತು. ಅಮ್ಮನಿಗೆ ಅಕ್ಷರ ಬಾರದು, ಆದರೆ ಜನರ ಮುಖ ಓದುತ್ತಿದ್ದಳು. “ಮದುವೆ ಸೀಸನ್ನಲ್ಲಿ ಯಾರಾದ್ರೂ ಬೇಕರಿ ಮುಚ್ತಾರಾ ಸ್ವಾಮಿ? ನಮ್ಮ ಹುಡುಗಿಗೋಸ್ಕರ ಆದ್ರೆ ಬೇಡ. ಅಷ್ಟು ದೊಡ್ಡ ಋಣ ನಮಗೆ ಹೊರಕ್ಕಾಗಲ್ಲ.”

“ಅಯ್ಯೋ, ನಿಮ್ಮ ಹುಡುಗಿ ಪರೀಕ್ಷೆ ಯಾವಾಗ ಅಂತಾನೇ ನನಗೆ ಗೊತ್ತಿಲ್ಲ! ನಮ್ಮನೆಯವಳು ಸ್ವೆಟರ್ ಹೆಣೆದು ಆರು ವರ್ಷ ಆಯ್ತು. ನುಸಿ ಹಾಕ್ಕೊಳೋದಕ್ಕೆ ಮುಂಚೆ ನಾನು ಹಾಕ್ಕೋಬೇಡ್ವಾ?”

ಅಮ್ಮ ನಕ್ಕುಬಿಟ್ಟಳು. ನಗು ಬಂದ ಮೇಲೆ ಅವಳಲ್ಲಿ ಅನುಮಾನ ಉಳಿಯುತ್ತಿರಲಿಲ್ಲ. ಮಾರನೆಯ ದಿನ ಗಂಡ ಹೆಂಡತಿ ಟ್ರಂಕು ಹಿಡಿದು ಹೊರಟರು. ಬೇಕರಿಯ ಬಾಗಿಲಿಗೆ ಬೀಗ ಬಿದ್ದಿದ್ದನ್ನು ನಮ್ಮ ಬೀದಿ ಅದೇ ಮೊದಲು ನೋಡಿದ್ದು. “ಸ್ವಾಮಿಗಳು ಕೊನೆಗೂ ಎರಡು ಸ್ವೆಟರ್ ಹಾಕ್ಕೊಂಡ್ರಪ್ಪ” ಎಂದು ಗಿರಾಕಿಗಳು ಬೀಗಕ್ಕೇ ಹೇಳಿ ಹೋಗುತ್ತಿದ್ದರು.

ಗೋಡೆ ಒಮ್ಮೆಲೇ ತಣ್ಣಗಾಗಲಿಲ್ಲ. ಮೊದಲ ದಿನ ಹಾಗೇ ಸುಡುತ್ತಿತ್ತು. ಎರಡನೆಯ ದಿನ ಜ್ವರ ಬಂದ ಮೈಯಷ್ಟು ಬಿಸಿ. ಮೂರನೆಯ ದಿನ ಜ್ವರ ಬಿಟ್ಟ ಮೈ. ನಾಲ್ಕನೆಯ ದಿನ ಬೆಳಿಗ್ಗೆ ಮುಟ್ಟಿದರೆ ಮಡಕೆಯ ಹೊರಮೈಯ ಹಾಗೆ ತಂಪು. ನಾನು ಚಾಪೆ ಎಳೆದುಕೊಂಡು, ಅದೇ ಗೋಡೆಗೆ ಬೆನ್ನು ಆನಿಸಿ ಕೂತು ಓದಿದೆ. ಹಾಗೆ ಓದಿದ್ದು ನನ್ನ ಜೀವನದಲ್ಲಿ ಮತ್ತೆ ಎಂದೂ ಇಲ್ಲ. ಪಾಸಾದೆ, ಸೆಕೆಂಡ್ ಕ್ಲಾಸ್. ಅಪ್ಪ ಕುಣಿಗಲ್ಲಿಗೆ ಕಾಗದ ಬರೆಸಿದರು: ಹುಡುಗಿ ಇನ್ನೂ ಓದುತ್ತಾಳೆ.

ಊಟಿಯಿಂದ ಬಂದ ಬೇಕರಿ ಮಾಮ ಇನ್ನಷ್ಟು ಕಪ್ಪಗಾಗಿದ್ದರು. “ಬೆಟ್ಟದ ಮೇಲೆ ಬಿಸಿಲು ಹತ್ತಿರ ಕಣಮ್ಮ, ಚರ್ಮ ಸುಡುತ್ತೆ. ಆದ್ರೆ ಚಳಿ! ಎರಡು ಸ್ವೆಟರೂ ಸಾಲ್ಲಿಲ್ಲ” ಎಂದು, “ತಗೋ, ಊಟಿ ವರ್ಕಿ” ಎಂದು ಒಂದು ಪೊಟ್ಟಣ ಕೊಟ್ಟರು. ಒಂದೇ ಅಳತೆಯ ಚೌಕ ಚೌಕ ಬಿಸ್ಕತ್ತು, ಪದರ ಪದರ, ಮೇಲೆ ಸಕ್ಕರೆ. ನಮ್ಮಲ್ಲಿ ಊಟಿ ಕಂಡವರು ಯಾರು? ತಮ್ಮಂದಿರು ಪೊಟ್ಟಣದ ಪುಡಿಯನ್ನೂ ಬಿಡದೆ ನೆಕ್ಕಿದರು. ಆಮೇಲೆ ಮಾಮ ಊಟಿಯ ಮಾತು ಹೆಚ್ಚು ಎತ್ತಲಿಲ್ಲ. ಆಸೆ ತೀರಿತು, ಅದಕ್ಕೇ ಸುಮ್ಮನಾದರು ಅಂದುಕೊಂಡೆ.

ಮುಂದೆ ನಾನು ಬಿ.ಎಡ್. ಮಾಡಿ ವಿಜಯನಗರದ ಹೈಸ್ಕೂಲೊಂದರಲ್ಲಿ ಟೀಚರಾದೆ. ಕೆಲಸ ಖಾಯಂ ಆದ ವರ್ಷದ ಬೇಸಿಗೆ ರಜದಲ್ಲಿ ಅಮ್ಮನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆನಿಸಿತು. ಅಮ್ಮ ತಿರುಪತಿ ಎಂದಳು. ನಾನು ಅಭ್ಯಾಸದಂತೆ ಪಂಡಿತರ ಬಳಿ ಹೋದೆ.

“ತಿರುಪತಿನಾ? ದೇವರು ತಂಪಾಗಿ ಒಳಗಿರ್ತಾನೆ, ಕ್ಯೂನಲ್ಲಿ ಬೇಯೋದು ನಾವು. ಊಟಿಗೆ ಹೋಗ್ರಮ್ಮ.”

“ನೀವೂ ಬನ್ನಿ ಮಾಮ, ಮಾಮೀನೂ ಕರ್ಕೊಂಡು. ನೋಡಿರೋ ಊರಲ್ವಾ, ದಾರಿ ತೋರಿಸ್ತೀರ. ಖರ್ಚು ನಂದು.”

ಅವರು ಮಾಮಿಯ ಮುಖ ನೋಡಿದರು, ಮಾಮಿ ಅವರ ಮುಖ ನೋಡಿದರು. ಕೆಂಗೇರಿಯ ಷಡ್ಡಕನನ್ನು ಒಲೆ ಕಾಯಲು ಕೂರಿಸಿ, ಎರಡು ರಾತ್ರಿಗೆಂದು ನಾಲ್ವರೂ ಬಸ್ಸು ಹತ್ತಿದೆವು.

ಊಟಿಯಲ್ಲಿ ಇಳಿದಾಗ ಸಂಜೆ ಮಳೆ ಹನಿಯುತ್ತಿತ್ತು. ಬೇಕರಿ ಮಾಮ ಒಂದರ ಮೇಲೊಂದು ಎರಡೂ ಸ್ವೆಟರು ಹಾಕಿಕೊಂಡರು. ಮಡಿಕೆಯ ಗೆರೆ ಎದೆಯ ಮೇಲೆ ಹಾಗೇ ನಿಂತಿತ್ತು. ನುಸಿಗುಳಿಗೆಯ ವಾಸನೆಗೆ ಅಮ್ಮ ಸೀನಿದಳು. ರಾತ್ರಿಯಿಡೀ ಅವರ ಹಲ್ಲು ಕಟಕಟ ಅನ್ನುವುದು ಪಕ್ಕದ ಕೋಣೆಯಿಂದ ಕೇಳಿಸಿತು. ಬೆಳಿಗ್ಗೆ ಎದ್ದು ನೋಡಿದರೆ ಆಸಾಮಿ ಇಲ್ಲ. ಮೂವರು ಹೆಂಗಸರೂ ಗಾಬರಿಯಾಗಿ ಹುಡುಕಿಕೊಂಡು ಹೊರಟೆವು.

ಸಿಕ್ಕಿದ್ದು ಮಾರ್ಕೆಟ್ಟಿನ ಹಿಂದಿನ ಒಂದು ಬೇಕರಿಯಲ್ಲಿ. ಸೌದೆ ಒಲೆಗೆ ಬೆನ್ನು ಮಾಡಿಕೊಂಡು, ಕಣ್ಣು ಮುಚ್ಚಿಕೊಂಡು, ಪರಮ ಸುಖದಲ್ಲಿ ನಿಂತಿದ್ದರು. ಭಾಷೆ ಗೊತ್ತಿಲ್ಲದ ಅಲ್ಲಿಯ ಬೇಕರಿಯವನು ಅವರ ಬಲಗೈ ನೋಡಿ ತನ್ನ ಬಲಗೈ ತೋರಿಸಿದ್ದನಂತೆ. ಅಷ್ಟರಲ್ಲೇ ಪರಿಚಯ ಮುಗಿದಿತ್ತು.

“ಬೆಂಗಳೂರಲ್ಲಿ ಸೆಕೆ ಅಂತ ಅಳೋದು, ಇಲ್ಲಿ ಬಂದು ಒಲೆ ತಬ್ಬಿಕೊಳ್ಳೋದು!” ಮಾಮಿ ಹಣೆ ಚಚ್ಚಿಕೊಂಡರು.

“ಸುಮ್ನಿರೇ. ಕಾವು ಅನ್ನೋದು ಇಷ್ಟು ಚೆನ್ನಾಗಿರುತ್ತೆ ಅಂತ ನನಗೇನು ಗೊತ್ತಿತ್ತು?”

ಬೇಕರಿಯವನು ಆಗ ತಾನೇ ಒಲೆಯಿಂದ ತೆಗೆದ ಒಂದು ತಟ್ಟೆ ತಂದಿಟ್ಟ. ಒಡ್ಡೊಡ್ಡಾಗಿ, ಒಂದರ ಹಾಗೆ ಒಂದಿಲ್ಲದ ಗಟ್ಟಿ ಉಂಡೆಗಳು. ಮೇಲೆ ಸಕ್ಕರೆಯ ಸುಳಿವಿಲ್ಲ. ಬೇಕರಿ ಮಾಮ ಒಂದನ್ನು ಮುರಿದು, ಪದರ ನೋಡಿ, ಬಾಯಿಗೆ ಹಾಕಿಕೊಂಡು ಕೇಳಿದರು, “ಇದೇನು?”

“ವರ್ಕಿ” ಎಂದ ಅವನು.

“ಓ! ವರ್ಕಿ ಅಂದ್ರೆ ಹೀಗಿರುತ್ತಾ!”

ಮಾತು ಬಾಯಿಂದ ಬಿದ್ದ ಮೇಲೆ ನನ್ನನ್ನು ನೋಡಿದರು. ನಾನು ಅವರ ಸ್ವೆಟರಿನ ಮಡಿಕೆಯ ಗೆರೆಯನ್ನೇ ನೋಡುತ್ತಿದ್ದೆ.

“ಅಲ್ಲ ಮಾಮ, ಆವತ್ತು ನೀವು ತಂದುಕೊಟ್ಟಿರಲ್ಲ, ಚೌಕ ಚೌಕ…”

ಅವರು ಒಲೆಯ ಕಡೆ ತಿರುಗಿದರು. ಹೇಳಿದವರು ಮಾಮಿ. “ಊಟಿ ಎಲ್ಲಿ ಬಂತು ಕಣೇ? ಮೂರು ಮದುವೆ ಮನೆಗೆ ಬನ್ನು ಬಿಸ್ಕತ್ತು ಕೊಡ್ತೀನಿ ಅಂತ ಮೊದಲೇ ಮಾತು ಕೊಟ್ಟುಬಿಟ್ಟಿದ್ರು. ನಮ್ಮ ಒಲೆ ಆರಿಸಿ, ಕೆಂಗೇರಿಲಿ ನನ್ನ ತಂಗಿ ಗಂಡನ ಒಲೆಲಿ ಹದಿನೈದು ದಿನ ಇವರೇ ನಿಂತು ಬೇಯಿಸಿದ್ರು. ಅಲ್ಲಿ ಒಲೆ ಮನೆಗೆ ಕಿಟಕಿನೂ ಇಲ್ಲ. ನಿನ್ನ ವರ್ಕಿನೂ ಅಲ್ಲೇ ಆಗಿದ್ದು. ಯಾರೋ ಗಿರಾಕಿ ವರ್ಣಿಸಿದ್ದು ಕೇಳಿ ಮಾಡಿದ್ರು.”

ಅಮ್ಮ ತಟ್ಟೆಯಿಂದ ಒಂದು ವರ್ಕಿ ಎತ್ತಿ ತಿರುಗಿಸಿ ನೋಡಿದಳು. ಆಮೇಲೆ, “ನನಗೆ ಸುಳ್ಳು ಹೇಳಿದ್ರಿ ಸ್ವಾಮಿ” ಎಂದಳು.

“ಸುಳ್ಳೆಲ್ಲಿ ಬಂತಮ್ಮ? ಊಟಿಗೆ ಹೊರಟ್ವಿ ಅಂದೆ. ಬಂದ್ವಲ್ಲ. ಸ್ವಲ್ಪ ವರ್ಷ ತಡ ಆಯ್ತು, ಅಷ್ಟೆ.” ಇನ್ನೊಂದು ವರ್ಕಿ ಮುರಿದು ನನ್ನ ಕೈಗೆ ಕೊಟ್ಟರು. “ಬರೆದೋಳು ನೀನು, ಬೆಂದೋನು ನಾನು. ಇಬ್ರೂ ಪಾಸಾದ್ವಿ ಬಿಡು.”

ಸೆಕೆ ಕಂಡರಾಗದ ಮನುಷ್ಯ ತನ್ನ ಬದುಕಿನ ಒಂದೇ ಉದ್ದನೆಯ ರಜವನ್ನು ಕಿಟಕಿಯಿಲ್ಲದ ಒಲೆಮನೆಯಲ್ಲಿ ಕಳೆದದ್ದು ನಾನು ಪದವೀಧರೆ ಆಗಲೆಂದು. ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆಯುವಾಗಲೆಲ್ಲ ಆ ನುಣ್ಣನೆಯ ಕೈ ಕಣ್ಣಿಗೆ ಬರುತ್ತದೆ. ಈ ಋಣವನ್ನು ಊಟಿಯ ಬಸ್ ಟಿಕೆಟ್ಟಿನಲ್ಲಿ ತೀರಿಸಿದೆ ಎಂದು ನಾನು ಎಂದೂ ತಿಳಿದಿಲ್ಲ.

ಅವರು ಹೋದದ್ದು ಅದಾಗಿ ಎರಡು ವರ್ಷಕ್ಕೆ, ಚಳಿಗಾಲದ ಒಂದು ಮಧ್ಯಾಹ್ನ. ರಸ್ಕಿನ ತಟ್ಟೆ ಒಲೆಗೆ ತಳ್ಳಿ, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಮಾಮಿ ಪಾಚಿ ಹಸಿರು ಸ್ವೆಟರನ್ನು ಅವರ ಮೈಮೇಲೆ ಹೊದಿಸಿ ಕಳಿಸಿಕೊಟ್ಟರು.

ಒಲೆಗೆ ಮತ್ತೆ ಸೌದೆ ಬೀಳಲಿಲ್ಲ. ಆದರೆ ಮಾರನೆಯ ದಿನವೂ ನಮ್ಮ ಹಿಂದಿನ ಕೋಣೆಯ ಗೋಡೆ ಬಿಸಿಯಿತ್ತು. ಅದರ ಮಾರನೆಯ ದಿನವೂ ಬೆಚ್ಚಗಿತ್ತು. ಅಮ್ಮ ದಿನಾ ಬೆಳಿಗ್ಗೆ ಎದ್ದವಳೇ ಹೋಗಿ ಅಂಗೈ ಅಗಲಿಸಿ ಅದರ ಮೇಲೆ ಇಟ್ಟು, ಆಮೇಲೆ ನಮ್ಮ ಅಡುಗೆ ಒಲೆ ಹಚ್ಚಲು ಹೋಗುತ್ತಿದ್ದಳು. ನಾಲ್ಕನೆಯ ದಿನ ಕೈ ಇಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ನಾನು ಸ್ಕೂಲಿಗೆ ಹೊರಟು ಬಾಗಿಲಲ್ಲಿ ನಿಂತಿದ್ದೆ.

ಅಮ್ಮ ತಿರುಗಿ ನೋಡದೆ ಹೇಳಿದಳು, “ಇವತ್ತು ಹೋದ್ರು ಕಣೇ.”