ಚೆಂಡಿಗೆ ಹತ್ತಿದ ಭಂಡಾರ

ಕಳೆದ ಫೆಬ್ರುವರಿಯ ಒಂದು ಭಾನುವಾರ, ಜಮಖಂಡಿಯ ಮೈದಾನದಲ್ಲಿ ನಾನು ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು, ನೆಟ್ಟಗೆ ಕೆಳಗೆ ಬಿದ್ದು, ಹೊರಗೆ ಪುಟಿಯಿತು. ರೆಫರಿ ಗೋಲ್ ಕೊಡಲಿಲ್ಲ.

ಆಗ ನನಗೆ ಮೂವತ್ತನಾಲ್ಕು. ಹುಬ್ಬಳ್ಳಿ, ಬೆಳಗಾವಿ, ಗೋವಾ, ಮತ್ತೆ ಬೆಳಗಾವಿ. ಕರೆದ ಕ್ಲಬ್ಬಿಗೆ ಹೋಗಿ, ಬಿಟ್ಟಾಗ ಬನಹಟ್ಟಿಗೆ ಮರಳುತ್ತ, ಸ್ಟ್ರೈಕರ್ ಆಗಿಯೇ ಹೊಟ್ಟೆ ಹೊರೆದವನು ನಾನು. ಎಲ್ಲಿಯೂ ಎರಡು ಸೀಸನ್ ದಾಟಲಿಲ್ಲ. ಆ ವರ್ಷ ಯಾರೂ ಕರೆದಿರಲಿಲ್ಲ. ಕೊಲ್ಹಾಪುರದ ಒಂದು ಕ್ಲಬ್ಬಿನ ಮ್ಯಾನೇಜರರು ಮಾತ್ರ ಫೋನಿನಲ್ಲಿ, "ಜಮಖಂಡಿಗೆ ಬರ್ತೀನಿ. ನನ್ನ ಕಣ್ಣ ಮುಂದ ಒಂದ ಗೋಲ್ ಹೊಡಿ, ಆಮ್ಯಾಲೆ ಮಾತು," ಎಂದಿದ್ದರು. ಶಾಮಿಯಾನದ ಕೆಳಗೆ ಬಿಳಿ ಅಂಗಿ ತೊಟ್ಟು ಕುಳಿತವರು ಅವರೇ. ನಾನು ಬನಹಟ್ಟಿ ತಂಡದಲ್ಲಿ; ಎದುರಿಗೆ ಜಮಖಂಡಿಯವರು. ಅರ್ಧ ಆಟಕ್ಕೆ ಎರಡೂ ಕಡೆ ಸೊನ್ನೆ.

ವಿರಾಮದಲ್ಲಿ, ರನ್ನ ಬೆಳಗಲಿಯಿಂದ ಆಟ ನೋಡಲು ಬಂದಿದ್ದ ನನ್ನ ಸೋದರಮಾವ, ನಮ್ಮ ಮನೆದೇವರು ಬೀರೇಶ್ವರನ ಭಂಡಾರದ ಚೀಲ ಬಿಚ್ಚಿದರು. ಕುರಿ ಕಾಯುವವರು, ಭಂಡಾರವಿಲ್ಲದೆ ಮನೆಯ ಹೊಸ್ತಿಲು ದಾಟುವವರಲ್ಲ. ನಾನು ಮುಂದೆ ಚೆಂಡು ಹೊಡೆಯಬೇಕಿದ್ದ ಗೋಲಿನೊಳಗೆ ಆ ಅರಿಸಿನ ಪುಡಿಯನ್ನು ಮುಷ್ಟಿಗಟ್ಟಲೆ ತೂರಿದರು. ರೆಫರಿ ಓಡಿ ಬಂದರು.

"ಏನ್ರಿ ಹಿರ್ಯಾರ, ಇದೇನ ಗುಡಿ ಅಂತ ತಿಳದೀರೇನು?"

"ದೇವ್ರು ಒಳಗ ಕುಂತ್ರ ಚೆಂಡು ತಾನ ಹುಡುಕ್ಕೊಂಡ ಹೋಗತೈತ್ರಿ ಸಾಹೇಬ್ರ."

ಜಮಖಂಡಿಯ ಮಂದಿಯಿಂದ ಒಂದು ಕೂಗು: "ಅಳಿಯಾನ ಕಾಲಾಗ ಕಸುವಿಲ್ಲೇನ್ರಿ ಕಾಕಾ, ದೇವ್ರನ್ನ ಕರಸೀರಿ?"

ರೆಫರಿ ಗೆರೆಯ ಮೇಲಿನದನ್ನು ಗುಡಿಸಿ ಹೊಸ ಸುಣ್ಣ ಎಳೆಸಿದರು. ಗೆರೆಯ ಹಿಂದಿನದು ಹಾಗೇ ಉಳಿಯಿತು.

ಆಟ ಮುಗಿಯಲು ಬಂದಾಗ ನಾನು ಹೊಡೆದದ್ದೇ ಅಡ್ಡಪಟ್ಟಿಗೆ ಬಡಿದ ಆ ಚೆಂಡು. ಪುಟಿದು ಹೊರಬಂದದ್ದನ್ನು ಅವರ ಬ್ಯಾಕ್ ಒದ್ದ. ಅದು ನಮ್ಮವನೊಬ್ಬನ ಮೊಣಕಾಲಿಗೆ ತಗುಲಿ ಮೈದಾನದ ಆಚೆ ಹೋಯಿತು. ಥ್ರೋ ಜಮಖಂಡಿಯದು. ಎಸೆಯಲು ಬಂದವನು ಹುನ್ನೂರಿನವನು, ಅವನೂ ಬೀರೇಶ್ವರನ ಒಕ್ಕಲು. ಚೆಂಡನ್ನು ತಲೆಯ ಮೇಲೆತ್ತಿದವನು ಕೆಳಗಿಳಿಸಿ ಅಂಗೈ ನೋಡಿಕೊಂಡ.

"ಒಗಿಯಲೇ! ಏನ ನೋಡಾಕತ್ತಿ?" ಅವರ ಕ್ಯಾಪ್ಟನ್ ಕಿರುಚಿದ.

"ಕೈಗಿ ಭಂಡಾರ ಹತ್ತೇತಿ."

"ಚಡ್ಡಿಗಿ ಒರಸ್ಕೋಲೇ!"

ಅವನು ಒರೆಸಿಕೊಳ್ಳಲಿಲ್ಲ. ಭಂಡಾರ ಮುಟ್ಟಿದ ಕೈಯಲ್ಲಿ ಸುಳ್ಳು ನಡೆಯದು. ನಮ್ಮ ಕಡೆ ಆಣೆ ಮಾಡಿಸುವುದೇ ಹಾಗೆ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ರೆಫರಿಯ ಬಳಿಗೆ ನಡೆದ.

"ಒಳಗ ಬಿದ್ದಿತ್ರಿ ಸರ್. ಖರೆ ಗೋಲ್ ಐತಿ."

ರೆಫರಿ ಚೆಂಡು ತಿರುಗಿಸಿ ನೋಡಿದರು. ಒಂದು ಮಗ್ಗುಲು ಹಳದಿ. ಗೋಲ್‌ಕೀಪರನ ಗ್ಲೌಸ್ ನೋಡಿದರು, ಹಳದಿಯ ಗುರುತಿಲ್ಲ; ಅಂದರೆ ಗೆರೆಯ ಹಿಂದೆ ಬಿದ್ದೇ ಹತ್ತಿದ್ದು. ಥ್ರೋ ಇನ್ನೂ ಎಸೆದಿರಲಿಲ್ಲ, ತೀರ್ಪು ಬದಲಿಸಲು ಅವಕಾಶವಿತ್ತು. ಲೈನ್ಸ್‌ಮನ್ನರೊಡನೆ ಮಾತಾಡಿದರು. ಸೀಟಿ ಊದಿ ಮೈದಾನದ ನಡುವಿಗೆ ಬೆರಳು ತೋರಿಸಿದರು.

ನನ್ನ ಹಳೆಯ ಮೊಣಕಾಲು ನೋವು ಮರೆತು ಓಡಿದೆ. ಮಾವ ಉಳಿದ ಚೀಲವನ್ನೆಲ್ಲ ಗಾಳಿಗೆ ತೂರಿದರು. ಬನಹಟ್ಟಿ ಒಂದು, ಜಮಖಂಡಿ ಸೊನ್ನೆ. ಆಟ ಮುಗಿದ ಮೇಲೆ ಹುನ್ನೂರಿನವನನ್ನು ತಬ್ಬಿಕೊಂಡೆ. "ಬಿಡ್ರಿ ಅಣ್ಣಾರ, ಮೊದಲ ಬೈಸ್ಕೊಂಡ ಬರ್ತೀನಿ," ಎಂದ.

ಮ್ಯಾನೇಜರರ ಬಿಳಿ ಅಂಗಿಯೂ ಹಳದಿಯಾಗಿತ್ತು. ಅದನ್ನು ಕೊಡವುತ್ತ, "ಒಂದ ಸೀಸನ್. ಮಾವನ್ನ ಮಾತ್ರ ಕರ್ಕೊಂಡ ಬರಬ್ಯಾಡ," ಎಂದರು.

ಈ ವಾರ ಕೊಲ್ಹಾಪುರದಲ್ಲಿ ಅಭ್ಯಾಸ ಆರಂಭವಾಯಿತು. ಇಂದು ಬೆಳಿಗ್ಗೆ ಒಂಬತ್ತನೇ ನಂಬರಿನ ಅಂಗಿ ಕೊಟ್ಟರು. ಮಾವ ನಿನ್ನೆ ಸಂಜೆಯ ಬಸ್ಸಿಗೆ ಬಂದಿದ್ದಾರೆ.