ಮಾವನ ಕೆಮ್ಮು, ನನ್ನ ಮಾತ್ರೆ

ನನ್ನ ಮಾವನಿಗೂ ನನಗೂ ಮೊದಲಿಂದಲೂ ಆಗಿಬರುತ್ತಿರಲಿಲ್ಲ. ಮದುವೆಯಾಗಿ ಹೊಂಗನೂರಿಂದ ಚನ್ನಪಟ್ಟಣಕ್ಕೆ ಬಂದು ನಾನು ಮೆಡಿಕಲ್ ಸ್ಟೋರ್ ಹಾಕಿದಾಗ, ಫಾರ್ಮಸಿ ಓದು ಅಂದರೆ ಚೀಟಿ ನೋಡಿ ಡಬ್ಬಿ ಎತ್ತಿಕೊಡೋದು ತಾನೇ ಎಂದು ಬೀದಿಯವರ ಮುಂದೆ ಆಡಿಕೊಂಡವರು ಅವರು. ನಾನೇನು ಕಮ್ಮಿಯಿರಲಿಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ಅವರು ಲೇತಿನ ಮುಂದೆ ಕೂತು ಹಾಲೆ ಮರದ ತುಂಡಿನಿಂದ ಬುಗುರಿ, ಗಿಲಕಿ ಕಡೆಯುವಾಗ ಹಾರುವ ಹೊಟ್ಟು ಧೂಳೆಲ್ಲ ನಾನು ಒಗೆದು ಹರವಿದ ಬಟ್ಟೆ ಮೇಲೆ ಬಂದು ಕೂರುತ್ತಿತ್ತು. ಈ ಲೇತು ಯಾವಾಗ ತೊಲಗುತ್ತದೋ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಒಂದೊಂದು ದಿನ ಅವರಿಗೆ ಕೇಳುವ ಹಾಗೆಯೇ ಅನ್ನುತ್ತಿದ್ದೆ.

ಅವರಿಗೆ ಬಿಪಿ ಶುರುವಾಯಿತು. ಡಾಕ್ಟರು ಒಂದು ಮಾತ್ರೆ ಬರೆದರು. ನನ್ನ ಅಂಗಡಿಯದೇ ಮಾತ್ರೆ, ಬೆಳಿಗ್ಗೆ ತಿಂಡಿಯ ಜೊತೆ ನಾನೇ ಕೊಡುತ್ತಿದ್ದೆ. ಎರಡನೇ ತಿಂಗಳಿಗೆ ಕೆಮ್ಮು ಹತ್ತಿಕೊಂಡಿತು. ಒಣ ಕೆಮ್ಮು, ಕಫವಿಲ್ಲ. ಗಂಟಲೊಳಗೆ ಯಾರೋ ಕಚಗುಳಿ ಇಟ್ಟಂತೆ ಕೆಮ್ಮಿ ಕೆಮ್ಮಿ ತಟ್ಟೆ ಮುಂದಿಂದ ಎದ್ದು ಹೋಗುತ್ತಿದ್ದರು. ನಮ್ಮ ಬೀದಿಯಲ್ಲಿ ಬೊಂಬೆ ಕಡೆಯುವವರು ಕೆಮ್ಮಿದರೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ಮರದ ಧೂಳು, ಬೊಂಬೆಗೆ ಬಣ್ಣ ಹಚ್ಚುವ ಅರಗಿನ ವಾಸನೆ, ಅಷ್ಟೇ. ಒಪ್ಪದವರು ಮಾವ ಒಬ್ಬರೇ.

"ಈ ಮಾತ್ರೆ ಸುರು ಮಾಡಿದ್ ಮ್ಯಾಲೆ ಬಂದ ಕೆಮ್ಮು ಇದು ಕಣವ್ವ," ಅಂದರು. "ಧೂಳು ನಂಗೆ ಚಿಕ್ಕಂದಿನಿಂದ ಗೊತ್ತೈತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಔಷಧದ ವಿಷಯ ನನಗೆ ಹೇಳಿಕೊಡಬೇಡಿ ಎಂದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಮಾವನಿಗೆ ಬಾಯಿ ತೆಗೆಯಲೂ ಬಿಡದೆ ಲೇತಿನ ಧೂಳಿನ ಕತೆಯನ್ನೆಲ್ಲ ನಾನೇ ಹೇಳಿದೆ, ಮಾತ್ರೆ ಶುರುವಾದ ತಿಂಗಳನ್ನು ಹೇಳಲಿಲ್ಲ. ಡಾಕ್ಟರು ಧೂಳಿನಿಂದ ದೂರ ಇರಿ ಎಂದರು. ನನಗೆ ಅಷ್ಟು ಸಾಕಾಗಿತ್ತು. ಮನೆಗೆ ಬಂದು ಗಂಡನ ತಲೆ ತಿಂದೆ. ವಾರದೊಳಗೆ ರಾಮನಗರದ ಕಡೆಯವರೊಬ್ಬರು ಲೇತು ಒಯ್ಯುವುದೆಂದು ತೀರ್ಮಾನವಾಯಿತು. ಮಾವ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು, ಮಾತ್ರೆ ಮಾತ್ರ ಕೈಚಾಚಿ ತೆಗೆದುಕೊಳ್ಳುತ್ತಿದ್ದರು.

ಲೇತು ಹೋಗುವ ದಿನ ಬೆಳಿಗ್ಗೆ ಅಂಗಡಿಗೆ ಒಬ್ಬ ಟೀಚರಮ್ಮ ಬಂದರು. ಇದು ತಗೊಂಡರೆ ಕೆಮ್ಮು ಬರುತ್ತೆ, ಡಾಕ್ಟರು ಬದಲಾಯಿಸಿದ್ದಾರೆ ಎಂದು ಉಳಿದ ಮಾತ್ರೆಯ ಸ್ಟ್ರಿಪ್ಪನ್ನು ಕೌಂಟರಿನ ಗಾಜಿನ ಮೇಲಿಟ್ಟರು. ಅದು ಮಾವನ ಮಾತ್ರೆಯೇ.

ಸ್ಟ್ರಿಪ್ಪು ಕೈಯಲ್ಲಿ ಹಿಡಿದುಕೊಂಡಾಗ ಇಡೀ ಪಾಠ ನೆನಪಾಯಿತು. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದ ಪಾಠ. ನಮ್ಮ ರಕ್ತದಲ್ಲಿ ಹತ್ತು ಮಣಿಗಳ ಸರದಂಥ ಒಂದು ಚಿಕ್ಕ ಪ್ರೋಟೀನು ಓಡಾಡುತ್ತದೆ. ಮುಖ್ಯವಾಗಿ ಶ್ವಾಸಕೋಶದಲ್ಲಿರುವ ಒಂದು ಕಿಣ್ವ ಅದರ ತುದಿಯ ಎರಡು ಮಣಿಗಳನ್ನು ಕತ್ತರಿಸುತ್ತದೆ. ಉಳಿದ ಎಂಟು ಮಣಿಯ ತುಂಡು ರಕ್ತನಾಳಗಳನ್ನು ಹಿಂಡಿ ಬಿಪಿ ಏರಿಸುತ್ತದೆ. ಮಾವನ ಮಾತ್ರೆ ನುಂಗುವಾಗ ಏನೂ ಮಾಡದ ಪುಡಿ. ಯಕೃತ್ತು ಅದರ ಒಂದು ತುದಿಯನ್ನು ಕಳಚಿದ ಮೇಲೆಯೇ ಅದಕ್ಕೆ ಜೀವ ಬರುವುದು. ಆಮೇಲೆ ಹೋಗಿ ಆ ಕಿಣ್ವದ ಎದೆಯಲ್ಲಿರುವ ಸತುವಿನ ಕಣಕ್ಕೆ ಅಂಟಿ ಕೂತುಬಿಡುತ್ತದೆ. ಕತ್ತರಿಸುವ ಕೆಲಸ ನಿಂತು ಬಿಪಿ ಇಳಿಯುತ್ತದೆ. ಆದರೆ ಅದೇ ಕಿಣ್ವಕ್ಕೆ ಇನ್ನೊಂದು ಕೆಲಸವಿದೆ. ಬ್ರಾಡಿಕೈನಿನ್ ಎಂಬುದನ್ನೂ ಅದೇ ಕತ್ತರಿಸಿ ಹಾಕಬೇಕು. ಹಾಕದಿದ್ದರೆ ಅದು ಉಸಿರಿನ ದಾರಿಯಲ್ಲಿ ಕೂಡಿಕೊಂಡು ಕೆರೆಯುತ್ತದೆ. ಕೆಲವರಿಗೆ ಒಣ ಕೆಮ್ಮು ಬರುವುದು ಹೀಗೆ. ಈ ಜಾತಿಯ ಮಾತ್ರೆಗೆ ಮೊದಲ ಸುಳಿವು ಸಿಕ್ಕಿದ್ದು ಹಾವಿನ ವಿಷದಲ್ಲಿ. ಮಾವನಿಗೆ ಇದು ಗೊತ್ತಿದ್ದರೆ, ಸೊಸೆ ವಿಷ ಹಾಕಿದಳು ಎಂದು ಬೀದಿಗೆಲ್ಲ ಸಾರಿಬಿಡುತ್ತಿದ್ದರು.

ಲೇತು ಒಯ್ಯುವ ಗಾಡಿ ಮಧ್ಯಾಹ್ನ ಬರುವುದಿತ್ತು. ಇನ್ನೂ ಹನ್ನೊಂದು ಗಂಟೆ. ಅಂಗಡಿಯಿಂದ ಮನೆಗೆ ಹತ್ತು ನಿಮಿಷದ ನಡಿಗೆ, ಕೈಯಲ್ಲೇ ಫೋನೂ ಇತ್ತು. ನಾನು ಏಳಲಿಲ್ಲ, ಫೋನೂ ಮಾಡಲಿಲ್ಲ. ಮರೆತೆನೆಂದೋ ಗಾಬರಿಯಾಯಿತೆಂದೋ ಹೇಳಿದರೆ ಸುಳ್ಳಾಗುತ್ತದೆ. ಆ ಮುದುಕ ಹೇಳಿದ್ದೇ ಸರಿ ಎಂದು ನನ್ನ ಬಾಯಿಂದ ಬರುವುದು ಬೇಡವಾಗಿತ್ತು, ಲೇತೂ ಬೇಡವಾಗಿತ್ತು. ಸಂಜೆ ಬಂದು ನೋಡಿದರೆ ಖಾಲಿ ಶೆಡ್ಡಿನಲ್ಲಿ ಮಾವ ಉಳಿದಿದ್ದ ಹೊಟ್ಟನ್ನು ಗುಡಿಸುತ್ತಿದ್ದರು.

ಮರುದಿನ ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಇದ್ದದ್ದನ್ನು ಹೇಳಿ ಮಾತ್ರೆ ಬದಲಾಯಿಸಿಕೊಂಡು ಬಂದೆ. ಹೊಸದು ಆ ಕಿಣ್ವದ ತಂಟೆಗೇ ಹೋಗುವುದಿಲ್ಲ. ಎಂಟು ಮಣಿಯ ತುಂಡು ಹೋಗಿ ಕೂರುವ ಜಾಗವನ್ನಷ್ಟೇ ಮುಚ್ಚುತ್ತದೆ. ಬಣ್ಣ ಬೇರೆಯಾಯಿತಲ್ಲ ಎಂದು ಗಂಡ ಕೇಳಿದಾಗ ಕಂಪನಿ ಬೇರೆ ಎಂದೆ. ಮೂರು ವಾರಕ್ಕೆ ಕೆಮ್ಮು ನಿಂತಿತು.

ಆಮೇಲೆ ಆದದ್ದಕ್ಕೆ ನಾನು ತಯಾರಿರಲಿಲ್ಲ. ಮಾವ ನನ್ನನ್ನು ಹೊಗಳತೊಡಗಿದರು. ಬೀದಿಯಲ್ಲಿ ಸಿಕ್ಕವರಿಗೆಲ್ಲ ನಮ್ಮ ಸೊಸೆ ಓದಿದ್ದು ಸುಮ್ಮನೆ ಅಲ್ಲ, ಧೂಳು ಅಂದಳು, ಧೂಳೇ ಆಗಿತ್ತು ಎನ್ನುತ್ತಿದ್ದರು. ಅವರು ಬೈಯುತ್ತಿದ್ದಾಗ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ಒಂದು ದಿನ ಎದುರು ಮನೆಯ ಮುದುಕರನ್ನು ಅಂಗಡಿಗೇ ಕರೆತಂದರು. ಅವರೂ ಬೊಂಬೆ ಕಡೆಯುವವರು, ಅವರಿಗೂ ಕೆಮ್ಮು. "ಇವ್ನೂ ಲೇತು ಕೊಟ್ಬುಡ್ಲಿ ಅಂತಾವ್ನಿ. ಕೇಳಾಕಿಲ್ಲ," ಅಂದರು ಮಾವ. "ನೀನೇ ಒಸಿ ಬುದ್ಧಿ ಹೇಳವ್ವ."

ಆ ಮುದುಕರ ಉಗುರುಗಳಲ್ಲಿ ಕೆಂಪು ಅರಗು ಇತ್ತು. ಮಾವನ ಉಗುರುಗಳು ಬೆಳ್ಳಗಾಗಿದ್ದವು.

"ಲೇತು ಕೊಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ," ಎಂದೆ ಅವರಿಗೆ. ಮಾವನ ಕಡೆ ತಿರುಗಿ, "ನಿಮ್ಮದು ಧೂಳಲ್ಲ ಮಾವ. ಮಾತ್ರೆಯದೇ. ನೀವು ಹೇಳಿದ್ದೇ ಸರಿ," ಎಂದೆ.

ಅವರು ಕೂಗಾಡಲಿಲ್ಲ. "ಯಾವತ್ತು ಗೊತ್ತಾಯ್ತು?" ಎಂದು ಅಷ್ಟೇ ಕೇಳಿದರು.

"ಲೇತು ಹೋದ ದಿನ. ಬೆಳಿಗ್ಗೆ."

ಮಾವನ ಬಿಪಿ ಈಗ ಚೆನ್ನಾಗಿದೆ. ಒಂದು ದಿನವೂ ಮಾತ್ರೆ ತಪ್ಪಿಸುವುದಿಲ್ಲ, ಅದೇ ಹೊಸ ಮಾತ್ರೆ. ತಿಂಗಳಿಗೊಮ್ಮೆ ಚೀಟಿ ಜೇಬಿಗಿಟ್ಟುಕೊಂಡು ನನ್ನ ಅಂಗಡಿಯ ಮುಂದೆಯೇ ಹಾದು, ಹೈವೇ ದಾಟಿ, ಆ ಕಡೆಯ ಅಂಗಡಿಯಿಂದ ತರುತ್ತಾರೆ.